ಕುತ್ತಿಗೆಯ ಪೆಟ್ಟು ಮತ್ತು ಪರಿಹಾರದ ಅರ್ಜಿ: ಹಾಸನದ ವಕೀಲರ ಕಚೇರಿಯೊಂದರ ಸೇವೆ ಹೇಗಿತ್ತು

ಹಾಸನದ ವಕೀಲರೊಬ್ಬರ ಕಚೇರಿ ನನ್ನ ಅಪಘಾತ ಪರಿಹಾರದ ಪ್ರಕರಣವನ್ನು 2023ರ ಫೆಬ್ರುವರಿಯಿಂದ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಟ್ಟಿತು. ಆ ಸೇವೆಯಲ್ಲಿ ಮೆಚ್ಚಿದ್ದನ್ನೂ ಮೆಚ್ಚದೇ ಹೋದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ವಕೀಲರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜಾಹೀರಾತು ಮಾಡಿಕೊಳ್ಳಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿರುವುದರಿಂದ, ನನ್ನ ಮಾತು ಅವರಿಗೆ ತೊಡಕಾಗಬಾರದೆಂದು ಹೆಸರನ್ನು ಕೊಟ್ಟಿಲ್ಲ. ಆದರೆ ಒಳ್ಳೆಯ ಕಚೇರಿಯನ್ನು ಗುರುತಿಸುವುದು ಹೇಗೆಂಬುದು, ಕುತ್ತಿಗೆಗೆ ಪೆಟ್ಟು ಮಾಡಿಕೊಂಡು ಏನು ಮಾಡಬೇಕೆಂದು ತಿಳಿಯದೆ ಕುಳಿತಿರುವ ಯಾರಿಗಾದರೂ ಇದರಿಂದ ತಿಳಿದೀತು.

2022ರ ಡಿಸೆಂಬರ್ ಮೊದಲ ವಾರದಲ್ಲಿ ಬೇಲೂರಿನಲ್ಲಿ ನಾಮಕರಣ ಮುಗಿಸಿಕೊಂಡು ತಮ್ಮನ ಕಾರಿನಲ್ಲಿ ಹಾಸನಕ್ಕೆ ಬರುತ್ತಿದ್ದೆವು. ರಸ್ತೆಯುಬ್ಬು ಕಂಡು ತಮ್ಮ ವೇಗ ತಗ್ಗಿಸಿದಾಗ ಹಿಂದಿನಿಂದ ಬಂದ ಕಾರು ಗುದ್ದಿತು. ಗಾಜು ಒಡೆಯಲಿಲ್ಲ, ಯಾರಿಗೂ ರಕ್ತ ಬರಲಿಲ್ಲ. ಹಿಂದಿನಿಂದ ಗುದ್ದಿದಾಗ ಸೀಟಿನ ಬೆನ್ನು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಒಂದು ಕ್ಷಣ ಹಿಂದೆ ಉಳಿದು ಆಮೇಲೆ ಮುಂದಕ್ಕೆ ಚಿಮ್ಮುತ್ತದೆ. ಆ ಎರಡು ಸೆಳೆತಗಳ ನಡುವೆ ಕತ್ತಿನ ಸ್ನಾಯುಗಳೂ ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜುಗಳೂ ಹಿಗ್ಗಿ ಗಾಯವಾಗುತ್ತದೆ. ನನ್ನ ಸೀಟಿನ ತಲೆದಿಂಬು ತಲೆಯ ಮಟ್ಟಕ್ಕಿರದೆ ಪೂರ್ತಿ ಕೆಳಕ್ಕೆ ಇಳಿದಿತ್ತು. ಕಾರು ಹತ್ತುವ ಪ್ರತಿಯೊಬ್ಬರೂ ಅದನ್ನು ತಲೆಯ ಎತ್ತರಕ್ಕೆ ಏರಿಸಿಕೊಳ್ಳಬೇಕೆಂದು ನಾನು ಈಗ ಎದುರಾದವರಿಗೆಲ್ಲ ಹೇಳುತ್ತೇನೆ. ಸ್ಥಳದಲ್ಲಿ ನೋವೇನೂ ಕಾಣಲಿಲ್ಲವಾದ್ದರಿಂದ "ನನಗೇನೂ ಆಗಿಲ್ಲ" ಎಂದೂ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕುತ್ತಿಗೆ ಎಡಕ್ಕೆ ತಿರುಗಲೇ ಇಲ್ಲ. ಸಂಜೆಯ ಹೊತ್ತಿಗೆ ಬಲ ಭುಜದಿಂದ ಹೆಬ್ಬೆರಳಿನವರೆಗೆ ಜುಮುಗುಡುವುದು ಶುರುವಾಯಿತು. ಈ ಬಗೆಯ ಪೆಟ್ಟಿನಲ್ಲಿ ನೋವು ಕೆಲವು ಗಂಟೆ ಕಳೆದೋ ಮರುದಿನವೋ ಕಾಣಿಸಿಕೊಳ್ಳುವುದು ಅಪರೂಪವಲ್ಲವೆಂದು ವೈದ್ಯರು ಆಮೇಲೆ ತಿಳಿಸಿದರು. ಆದರೆ ಆ ಒಂದು ಮಾತು ಮತ್ತು ಆ ಒಂದು ದಿನದ ವಿಳಂಬ ಎರಡೂವರೆ ವರ್ಷ ನನ್ನ ಬೆನ್ನು ಬಿಡಲಿಲ್ಲ.

ನನಗೆ ಆಗ 42 ವರ್ಷ. ರವಿಕೆ, ಚೂಡಿದಾರ ಹೊಲಿಯುವ ಸಣ್ಣ ಅಂಗಡಿ ನನ್ನದು. ಹೊಲಿಗೆಯೆಂದರೆ ದಿನಕ್ಕೆ ಏಳೆಂಟು ಗಂಟೆ ತಲೆ ಬಗ್ಗಿಸಿ ಕೂರುವ ಕೆಲಸ. ವೈದ್ಯರು ಕೆಲವು ದಿನ ಮಾತ್ರ ಕಾಲರ್ ಹಾಕಿಕೊಳ್ಳಲು ಹೇಳಿ, ಅದನ್ನೇ ನೆಚ್ಚಿಕೊಂಡರೆ ಸ್ನಾಯುಗಳು ಇನ್ನಷ್ಟು ಸೋಲುತ್ತವೆಂದು ಎಚ್ಚರಿಸಿ ಫಿಸಿಯೋಥೆರಪಿಗೆ ಕಳುಹಿಸಿದರು. ಮೂರು ತಿಂಗಳು ಅಂಗಡಿಯ ಬಾಗಿಲು ಮುಚ್ಚಿತ್ತು.

ಆ ದಿನಗಳಲ್ಲೇ ಫಿಸಿಯೋಥೆರಪಿಗೆ ಸರದಿಯಲ್ಲಿ ಕಾಯುತ್ತಿದ್ದ ನನ್ನ ಬಳಿಗೆ ಒಬ್ಬ ಮಧ್ಯವರ್ತಿ ಬಂದಿದ್ದ. ಬಂದ ಪರಿಹಾರದಲ್ಲಿ ನೂರಕ್ಕೆ ಮೂವತ್ತು ತಮಗೆ, ಅಲ್ಲಿಯವರೆಗೆ ಒಂದು ರೂಪಾಯಿಯೂ ಬೇಡ, ಈ ವಕಾಲತ್ತಿಗೂ ಎರಡು ಖಾಲಿ ಹಾಳೆಗೂ ಸಹಿ ಹಾಕಿ ಎಂದ. ನೋವಿನಲ್ಲಿರುವವರಿಗೆ ಅದು ಉಪಕಾರದಂತೆಯೇ ಕಾಣುತ್ತದೆ. ಗೆದ್ದ ಹಣದಲ್ಲಿ ಪಾಲು ಪಡೆಯುವ ಕರಾರನ್ನು ವಕೀಲರು ಮಾಡಿಕೊಳ್ಳಬಾರದೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆಂಬುದು ನನಗೆ ಆಗ ಗೊತ್ತಿರಲಿಲ್ಲ. ಖಾಲಿ ಹಾಳೆಯ ಭಯದಿಂದಷ್ಟೇ ಸಹಿ ಹಾಕದೆ ಉಳಿದೆ. ಆ ನಿಯಮವನ್ನು ನನಗೆ ಮೊದಲು ತಿಳಿಸಿದವರು ಈ ಕಚೇರಿಯ ಹಿರಿಯ ವಕೀಲರು. ಮೊದಲ ಭೇಟಿಯಲ್ಲೇ ಶುಲ್ಕ 25,000 ರೂಪಾಯಿ, ಅದನ್ನು ನಾಲ್ಕು ಕಂತುಗಳಲ್ಲಿ ಕೊಡಬಹುದು, ವೈದ್ಯರ ಸಾಕ್ಷ್ಯ ಮತ್ತು ನಕಲುಗಳ ಖರ್ಚು ಬೇರೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಅಷ್ಟೇ ಅಲ್ಲ, "ನೋಡಿಯಮ್ಮ, ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅಲ್ಲಿ ವಿಚಾರಿಸಿಕೊಂಡು ಆಮೇಲೆ ನನ್ನ ಹತ್ತಿರ ಬನ್ನಿ" ಎಂದರು. ತಮ್ಮ ಕಕ್ಷಿದಾರಳಾಗಲಿರುವವಳಿಗೆ ಬೇರೆ ದಾರಿಯನ್ನು ತಾವೇ ತೋರಿಸಿದ ಆ ನಡತೆಯಿಂದಲೇ ನಾನು ಅವರನ್ನು ಆರಿಸಿಕೊಂಡೆ.

ಕುತ್ತಿಗೆಯ ಪೆಟ್ಟಿನ ಪ್ರಕರಣ ಮೂಳೆ ಮುರಿದ ಪ್ರಕರಣದಂತಲ್ಲ. ಮುರಿದ ಮೂಳೆಯನ್ನು ಎಕ್ಸ್-ರೇ ತೋರಿಸುತ್ತದೆ. ಹಿಗ್ಗಿದ ಸ್ನಾಯುವನ್ನು ಅದು ತೋರಿಸುವುದಿಲ್ಲ. ನನ್ನ ಎಂ.ಆರ್.ಐ. ವರದಿಯಲ್ಲಿ ಐದನೆಯ ಮತ್ತು ಆರನೆಯ ಕತ್ತಿನ ಕಶೇರುಗಳ ನಡುವಿನ ಮೆತ್ತೆ (ಡಿಸ್ಕ್) ಸ್ವಲ್ಪ ಉಬ್ಬಿದೆಯೆಂದು ಬರೆದಿತ್ತು, ಆದರೆ ಅದೇ ವರದಿಯ ಕೆಳಗಿನ ಸಾಲಿನಲ್ಲಿ ಸವೆತದ ಲಕ್ಷಣಗಳಿವೆಯೆಂದೂ ಇತ್ತು. ಗಾಯದ ಪ್ರಮಾಣಪತ್ರದಲ್ಲಿ "ಸಾದಾ ಗಾಯ" ಎಂದಿತ್ತು. ಪೊಲೀಸರು ಅದರಂತೆಯೇ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 279 ಮತ್ತು 337ನೆಯ ಕಲಮುಗಳಡಿ (ಅಜಾಗರೂಕ ಚಾಲನೆ ಮತ್ತು ಅಂಥ ಕೃತ್ಯದಿಂದಾದ ಗಾಯ) ದೋಷಾರೋಪಣ ಪಟ್ಟಿ ಸಲ್ಲಿಸಿದ್ದರು. ಗುದ್ದಿದ ಕಾರಿನ ವಿಮಾ ಕಂಪನಿಯ ವಾದ ಎಲ್ಲಿಂದ ಬರುತ್ತದೆಂಬುದನ್ನು ಹಿರಿಯ ವಕೀಲರು ಈ ಕಾಗದಗಳನ್ನು ಓದಿದ ದಿನವೇ ಹೇಳಿಬಿಟ್ಟರು: ಸ್ಥಳದಲ್ಲಿ ನೋವಿಲ್ಲವೆಂದಿದ್ದಾರೆ, ದೂರು ಮೂರು ದಿನ ತಡವಾಗಿದೆ, ಮೂಳೆ ಮುರಿದಿಲ್ಲ, ಸವೆತ ವಯಸ್ಸಿನದು, ಹೊಲಿಗೆಯವರಿಗೆ ಕತ್ತುನೋವು ಮೊದಲೇ ಇರುತ್ತದೆ. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ನನಗೆ ಕೇಳಿದ್ದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಇವೇ ಪ್ರಶ್ನೆಗಳು.

ಇದಕ್ಕೆ ಅವರು ಮಾಡಿದ ಸಿದ್ಧತೆಗಾಗಿಯೇ ನಾನು ಈ ಕಚೇರಿಯನ್ನು ಮೆಚ್ಚುವುದು. ಅವರು ನನ್ನಿಂದ ಮೊದಲು ಕೇಳಿದ್ದು ಆಸ್ಪತ್ರೆಯ ಬಿಲ್ಲುಗಳನ್ನಲ್ಲ, ಅಂಗಡಿಯ ಅಳತೆ ಪುಸ್ತಕವನ್ನು. ಯಾವ ದಿನ ಯಾರ ರವಿಕೆಯ ಅಳತೆ ತೆಗೆದುಕೊಂಡೆ, ಯಾವ ದಿನ ಕೊಟ್ಟೆ, ಎಷ್ಟು ಹಣ ಬಂತು ಎಂದು ನಾನು ಬರೆದಿಡುತ್ತಿದ್ದ ಆ ಪುಸ್ತಕದಿಂದ, ಅಪಘಾತಕ್ಕೆ ಮುಂಚಿನ ಒಂದು ವರ್ಷ ಮತ್ತು ಆನಂತರದ ಒಂದು ವರ್ಷದ ಹೊಲಿಗೆಯನ್ನು ತಿಂಗಳುವಾರು ಎಣಿಸಿ ಕಿರಿಯ ವಕೀಲೆಯೊಬ್ಬರು ಪಟ್ಟಿ ಮಾಡಿದರು. ಹಿಂದಿನ ವರ್ಷ ತಿಂಗಳಿಗೆ ಅರವತ್ತರ ಆಸುಪಾಸಿನಲ್ಲಿದ್ದ ರವಿಕೆಗಳು ಅಂಗಡಿ ಮತ್ತೆ ತೆರೆದ ಮೇಲೆ ಮೂವತ್ತೈದನ್ನು ದಾಟಿರಲಿಲ್ಲ. ಮೊದಲೇ ನೋವಿದ್ದವಳು ಆ ಹಿಂದಿನ ವರ್ಷ ಒಂದು ದಿನವೂ ಬಿಡದೆ ಹೊಲಿದದ್ದು ಹೇಗೆಂಬ ಪ್ರಶ್ನೆಗೆ ವಿಮಾ ಕಂಪನಿಯವರ ಬಳಿ ಉತ್ತರವಿರಲಿಲ್ಲ. ಫಿಸಿಯೋಥೆರಪಿಯ ಚೀಟಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ, ನಡುವೆ ಹನ್ನೊಂದು ದಿನದ ಅಂತರ ಕಂಡು, "ಈ ದಿನಗಳಲ್ಲಿ ಯಾಕೆ ಹೋಗಲಿಲ್ಲ?" ಎಂದು ಅವರೇ ಕೇಳಿದರು. ಮಗನಿಗೆ ಜ್ವರವಿತ್ತೆಂದೆ. ಆ ಜ್ವರದ ಔಷಧಿ ಚೀಟಿಯನ್ನೂ ತರಿಸಿಕೊಂಡು ಕಡತಕ್ಕೆ ಸೇರಿಸಿದರು. ಕಣ್ಣಿಗೆ ಕಾಣದ ನೋವನ್ನು ನ್ಯಾಯಾಧೀಶರಿಗೆ ಕಾಣಿಸುವುದು ಈ ಬಗೆಯ ಕಾಗದಗಳೇ ಎಂಬುದು ನನಗೆ ಮನವರಿಕೆಯಾದದ್ದು ಅಲ್ಲಿ.

ಗಡುವಿನ ವಿಷಯದಲ್ಲೂ ಅವರು ಎಚ್ಚರವಾಗಿದ್ದರು. 1988ರ ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 2022ರ ಏಪ್ರಿಲ್ 1ರಿಂದ, ಪರಿಹಾರ ಕೋರುವ 166ನೆಯ ಕಲಮಿನ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂದಿದೆ. ಪೊಲೀಸ್ ಕಾಗದಗಳ ನಕಲು ಪೂರ್ತಿ ಸಿಗುವವರೆಗೆ ಕಾಯೋಣವೆಂದು ನಾನು ಹೇಳಿದ್ದೆ. ಅವರು ಒಪ್ಪದೆ ಐದನೆಯ ತಿಂಗಳಲ್ಲೇ, ಅಂದರೆ 2023ರ ಮೇ ತಿಂಗಳಲ್ಲಿ, ಅರ್ಜಿಯನ್ನು ದಾಖಲಿಸಿದರು. ನನ್ನ ತಮ್ಮ ಹಠಾತ್ತನೆ ಬ್ರೇಕ್ ಹಾಕಿದ್ದರಿಂದಲೇ ಅಪಘಾತವಾಯಿತೆಂಬ ವಾದವೂ ಬಂತು. ಪ್ರಯಾಣಿಕಳಾಗಿ ಕುಳಿತಿದ್ದವಳ ಪರಿಹಾರದಿಂದ ಚಾಲಕನ ತಪ್ಪಿನ ಪಾಲನ್ನು ಕಳೆಯುವಂತಿಲ್ಲವೆಂದು ಅವರು ಉತ್ತರಿಸಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಇನ್ನು ಕೊರತೆಗಳು. ಅರ್ಜಿಯೂ ನಾನು ಪ್ರಮಾಣ ಮಾಡಿ ಸಲ್ಲಿಸುವ ಹೇಳಿಕೆಯೂ (ಅಫಿಡವಿಟ್) ಇಂಗ್ಲಿಷಿನಲ್ಲಿದ್ದವು. ಅವನ್ನು ನನಗೆ ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಿದ್ದು ನಾನು ಒತ್ತಾಯಿಸಿದ ಮೇಲೆ ಮಾತ್ರ. ನನ್ನ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳುವ ಮಾತನ್ನು ನಾನು ಕೇಳದೆ ಸಹಿ ಹಾಕಿದ್ದರೆ ಪಾಟೀಸವಾಲಿನಲ್ಲಿ ತಡವರಿಸುವವಳು ನಾನೇ ಆಗಿರುತ್ತಿದ್ದೆ. ಈ ವಿಷಯದಲ್ಲಿ ಆ ಕಚೇರಿ ತನ್ನ ಪದ್ಧತಿಯನ್ನು ತಿದ್ದಿಕೊಳ್ಳಲೇಬೇಕು. ಬೆಳಗಿನ ಹೊತ್ತು ಫೋನು ಎತ್ತುವವರಿರುತ್ತಿರಲಿಲ್ಲ. ವಾಯಿದೆ ಬಿದ್ದ ಸಂಗತಿ ತಿಳಿಯದೆ ಎರಡು ಸಲ ಅಂಗಡಿ ಮುಚ್ಚಿಕೊಂಡು ನ್ಯಾಯಾಲಯಕ್ಕೆ ಹೋಗಿ ವಾಪಸು ಬಂದಿದ್ದೇನೆ. ಮೂರನೆಯ ಸಲ ಗುಮಾಸ್ತರು ನನ್ನ ಪ್ರಕರಣದ ಹದಿನಾರು ಅಂಕೆ-ಅಕ್ಷರಗಳ ಸಿ.ಎನ್.ಆರ್. ಎಂಬ ಗುರುತಿನ ಸಂಖ್ಯೆಯನ್ನು ಬರೆದುಕೊಟ್ಟು ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕ ನೋಡುವುದನ್ನು ಕಲಿಸಿದರು. ಅದನ್ನು ಮೊದಲ ದಿನವೇ ಮಾಡಬಹುದಾಗಿತ್ತು. ವೈದ್ಯರ ಸಾಕ್ಷ್ಯಕ್ಕಂತೂ ಎಂಟು ತಿಂಗಳು ಹಿಡಿಯಿತು; ವೈದ್ಯರಿಗೆ ಶಸ್ತ್ರಚಿಕಿತ್ಸೆಯ ದಿನ, ನ್ಯಾಯಾಲಯಕ್ಕೆ ರಜೆಯ ದಿನ ಎಂದು ಮುಂದೆ ಹೋಗುತ್ತಲೇ ಇತ್ತು. ಇದಕ್ಕೆ ಕಚೇರಿಯನ್ನು ಪೂರ್ತಿ ದೂರುವುದು ನ್ಯಾಯವಲ್ಲ, ಆದರೂ ಆ ತಿಂಗಳುಗಳಲ್ಲಿ ನನಗೆ ಯಾರೂ ಏನೂ ಹೇಳದೆ ಹೋದದ್ದು ನೋವಾಗಿದೆ.

ನಡುವೆ ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿ 1,40,000 ರೂಪಾಯಿ ಕೊಡಲು ಮುಂದೆ ಬಂದಿತು. ಅಲ್ಲಿ ಒಪ್ಪಿಕೊಂಡರೆ ಹಣ ಬೇಗ ಬರುತ್ತದೆ, ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ ಎಂದು ಎರಡೂ ಬದಿಯನ್ನು ವಿವರಿಸಿ, ನಿರ್ಧಾರವನ್ನು ವಕೀಲರು ನನಗೇ ಬಿಟ್ಟರು. ಯೋಚಿಸಲು ಸಿಕ್ಕದ್ದು ಅರ್ಧ ಗಂಟೆ. ತಮ್ಮನಿಗೆ ಫೋನು ಮಾಡಿ ಮಾತಾಡಿ ಬೇಡವೆಂದೆ.

2025ರ ಜುಲೈಯಲ್ಲಿ, ನನ್ನ ಅರ್ಜಿಯನ್ನು ವಿಚಾರಿಸುತ್ತಿದ್ದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪು ಬಂತು. ವೈದ್ಯರು ಇಡೀ ದೇಹಕ್ಕೆ ಶೇ. 12ರಷ್ಟು ಅಂಗವೈಕಲ್ಯವೆಂದು ಹೇಳಿದ್ದರು. ವೈದ್ಯರ ಶೇಕಡಾವಾರನ್ನೇ ಗಳಿಕೆಯ ನಷ್ಟವೆಂದು ಇಟ್ಟುಕೊಳ್ಳುವಂತಿಲ್ಲ, ಗಾಯಾಳು ಮಾಡುವ ಕೆಲಸಕ್ಕೆ ಆ ಊನ ಎಷ್ಟು ಅಡ್ಡಿಯೆಂದು ನೋಡಬೇಕೆಂಬುದು ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವ ತತ್ವ. ಅದರಂತೆ ನ್ಯಾಯಮಂಡಳಿ ಅಳತೆ ಪುಸ್ತಕವನ್ನೂ ವೈದ್ಯರ ಮಾತನ್ನೂ ಎಂ.ಆರ್.ಐ.ಯ ಸವೆತದ ಸಾಲನ್ನೂ ಒಟ್ಟಿಗೆ ತೂಗಿ ಶೇ. 8 ಎಂದು ನಿಗದಿ ಮಾಡಿತು. ತಿಂಗಳ ಆದಾಯ 12,000 ರೂಪಾಯಿ, 41ರಿಂದ 45 ವರ್ಷದವರಿಗೆ ಸರ್ವೋಚ್ಚ ನ್ಯಾಯಾಲಯದ ಸರಳಾ ವರ್ಮಾ ತೀರ್ಪಿನ ಪ್ರಕಾರ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, 14. ಹೀಗೆ ಮುಂದಿನ ಗಳಿಕೆಯ ನಷ್ಟಕ್ಕೆ 1,61,280 ರೂಪಾಯಿ ಬಂತು. ನೋವು ಮತ್ತು ಯಾತನೆಗೆ 40,000, ಚಿಕಿತ್ಸೆಯ ಬಿಲ್ಲುಗಳಿಗೆ 58,400, ಮೂರು ತಿಂಗಳ ಆದಾಯಕ್ಕೆ 36,000, ಓಡಾಟ ಮತ್ತು ಆರೈಕೆಗೆ 15,000, ಜೀವನದ ಸೌಖ್ಯದ ನಷ್ಟಕ್ಕೆ 25,000 ಸೇರಿ ಒಟ್ಟು 3,35,680 ರೂಪಾಯಿ. ಅದರ ಮೇಲೆ ಅರ್ಜಿಯ ದಿನದಿಂದ ವರ್ಷಕ್ಕೆ ಶೇ. 6ರ ಬಡ್ಡಿ. ಒಂದಷ್ಟು ಭಾಗವನ್ನು ನನ್ನ ಹೆಸರಿನಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಡಬೇಕೆಂದೂ ಆದೇಶವಾಯಿತು. ಬಿಲ್ಲು ಕಳೆದುಕೊಂಡಿದ್ದ ಸುಮಾರು 9,000 ರೂಪಾಯಿಯ ಖರ್ಚು ಮಾತ್ರ ಸಿಗಲಿಲ್ಲ. ಅದು ನನ್ನ ತಪ್ಪು. ಔಷಧಿ ಅಂಗಡಿಯ ಸಣ್ಣ ಚೀಟಿಯನ್ನೂ ಎಸೆಯಬೇಡಿ.

ಮೂವತ್ತು ದಿನಗಳಲ್ಲಿ ಠೇವಣಿಯಾಗಬೇಕಾದ ಹಣ ಬರಲು ಎರಡು ತಿಂಗಳಾಯಿತು. ಕಚೇರಿಯವರು ವಿಮಾ ಕಂಪನಿಯ ವಕೀಲರಿಗೆ ಪದೇಪದೇ ನೆನಪಿಸಿ ತರಿಸಿಕೊಟ್ಟರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಮೊದಲ ದಿನ ಹಾಳೆಯಲ್ಲಿ ಬರೆದಿದ್ದ ಶುಲ್ಕ ಕೊನೆಯ ದಿನವೂ ಅಷ್ಟೇ ಇತ್ತು. ಕೊನೆಯ ಕಂತಿಗೆ ರಸೀದಿ ಕೊಟ್ಟರು. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಗುರುತು ಮಾಡಿ ಇಟ್ಟುಕೊಂಡಿದ್ದ ನನ್ನ ಅಳತೆ ಪುಸ್ತಕ ಮತ್ತು ಎಂ.ಆರ್.ಐ. ಫಿಲಂ, ತೊಂಬತ್ತು ದಿನದ ಮೇಲ್ಮನವಿ ಅವಧಿ ಕಳೆದ ನಂತರ ಅರ್ಜಿ ಹಾಕಿದರೆ ಮರಳಿ ಸಿಗುತ್ತವೆಂದು ಕಿರಿಯ ವಕೀಲೆ ಆ ದಿನವೇ ತಮ್ಮ ದಿನಚರಿಯಲ್ಲಿ ದಿನಾಂಕ ಗುರುತು ಹಾಕಿಕೊಂಡರು. ಆ ದಿನಾಂಕದ ಮರುವಾರ ಅವರೇ ಫೋನು ಮಾಡಿ ಪುಸ್ತಕ ಬಂದಿದೆಯೆಂದು ತಿಳಿಸಿದರು.