ನ್ಯಾಯಾಸನದ ಕುರಿತು ನಾಲ್ಕು ಶನಿವಾರ: ಹುಬ್ಬಳ್ಳಿಯ ಒಂದು ಬೈಬಲ್ ತರಗತಿ

ಹುಬ್ಬಳ್ಳಿಯ ಕ್ರೈಸ್ತ ಸಭೆಯೊಂದು ನಾಲ್ಕು ಶನಿವಾರ ಸಂಜೆ ನಡೆಸಿದ, ವಿಶ್ವಾಸಿಗಳ ನ್ಯಾಯವಿಚಾರಣೆ ಮತ್ತು ಪ್ರತಿಫಲವನ್ನು ಕುರಿತ ಬೈಬಲ್ ತರಗತಿಗೆ ನಾನು ಧಾರವಾಡದಿಂದ ಬಸ್ಸಿನಲ್ಲಿ ಹೋಗಿ ಬಂದೆ. ಟಿಪ್ಪಣಿ ಪುಸ್ತಕದ ₹100 ಬಿಟ್ಟರೆ ಬೇರೆ ಶುಲ್ಕವಿರಲಿಲ್ಲ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಕೇಳಿದ ಅಂತ್ಯದಿನದ ಮಾತುಗಳು ನನ್ನಲ್ಲಿ ಭಯವನ್ನಷ್ಟೇ ಉಳಿಸಿದ್ದವು. ಆ ಭಯವನ್ನು ಹೊತ್ತುಕೊಂಡೇ ಹೋಗಿದ್ದೆ.

ಬೋಧಕರು ಮೊದಲ ದಿನವೇ ಗಂಟು ಬಿಡಿಸಿದರು. ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯ ಹೇಳುವಂತೆ ರಕ್ಷಣೆ ಕೃಪೆಯಿಂದಲೇ ಹೊರತು ಕ್ರಿಯೆಗಳಿಂದಲ್ಲ. ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ 2 ಕೊರಿಂಥ 5:10 ಹೇಳುವ ಕ್ರಿಸ್ತನ ನ್ಯಾಯಾಸನದ ಮುಂದೆ ನಡೆಯುವುದು ವಿಶ್ವಾಸಿಯ ಬದುಕಿನ ಲೆಕ್ಕ, ರಕ್ಷಣೆಯ ತೀರ್ಮಾನವಲ್ಲ. ಇಲ್ಲಿ ಬಳಕೆಯಾದ ‘ಬೇಮ’ ಎಂಬ ಗ್ರೀಕ್ ಪದಕ್ಕೆ ಅಧಿಕಾರಿ ಕೂತು ತೀರ್ಪು ಕೊಡುವ ಎತ್ತರದ ಕಟ್ಟೆ ಎಂದರ್ಥ. ಕೊರಿಂಥದಲ್ಲಿ ಪೌಲನನ್ನೇ ರೋಮನ್ ಅಧಿಪತಿ ಗಲ್ಲಿಯೋನನ ಎದುರು ಅಂಥ ನ್ಯಾಯಾಸನದ ಮುಂದೆ ನಿಲ್ಲಿಸಿದ್ದರು ಎಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ ತಿಳಿಸುತ್ತದೆ. ಆದ್ದರಿಂದ ಆ ಊರಿನ ಓದುಗರಿಗೆ ಅದು ದಿನವೂ ಕಣ್ಣಿಗೆ ಬೀಳುತ್ತಿದ್ದ ಕಟ್ಟೆ.

ಎರಡನೆಯ ವಾರದ ಪಾಠ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. 1 ಕೊರಿಂಥ 3ರಲ್ಲಿ ಒಬ್ಬನು ಅಸ್ತಿವಾರದ ಮೇಲೆ ಚಿನ್ನ, ಬೆಳ್ಳಿ, ರತ್ನಗಳಿಂದ ಕಟ್ಟುತ್ತಾನೆ, ಇನ್ನೊಬ್ಬನು ಕಟ್ಟಿಗೆ, ಹುಲ್ಲುಗಳಿಂದ. ಬೆಂಕಿ ಎರಡನ್ನೂ ಪರೀಕ್ಷಿಸುತ್ತದೆ. ಸುಟ್ಟುಹೋಗುವುದು ಕೆಲಸ, ಮನುಷ್ಯನಲ್ಲ. ಅವನು ಬೆಂಕಿಯೊಳಗಿಂದ ಪಾರಾದವನಂತೆ ಉಳಿಯುತ್ತಾನೆ. ಇದೇ ವಚನವನ್ನು ಎಷ್ಟೋ ಸಲ ಓದಿದ್ದ ನನಗೆ ಆ ಸಂಜೆಯೇ ಅದು ಅರ್ಥವಾದದ್ದು.

ವಿಶ್ವಾಸಿಗೆ ಪ್ರತಿಫಲವಾಗಿ ಸಿಗುವ ಕಿರೀಟದ, ಅಂದರೆ ಜಯಮಾಲೆಯ, ಪಾಠವೂ ಹಾಗೆಯೇ. ಕಿರೀಟವೆಂದೊಡನೆ ನಮಗೆ ಅರಸನ ತಲೆ ನೆನಪಾಗುತ್ತದೆ. ಆದರೆ ಗ್ರೀಕ್ ಮೂಲದ ‘ಸ್ತೆಫನೋಸ್’ ಪಂದ್ಯದಲ್ಲಿ ಗೆದ್ದವನಿಗೆ ತೊಡಿಸುತ್ತಿದ್ದ ಎಲೆಯ ಮಾಲೆ. ಕೊರಿಂಥದ ಸಮೀಪದ ಇಸ್ತ್ಮಿಯ ಕ್ರೀಡೆಗಳಲ್ಲಿ ಪೈನ್ ಸೊಪ್ಪಿನ ಮಾಲೆಯೂ ಇತ್ತು. ನಮ್ಮ ಕನ್ನಡ ಬೈಬಲ್ ಆದ ಸತ್ಯವೇದ ‘ಜಯಮಾಲೆ’ ಎಂದಿರುವುದು ಎಷ್ಟು ಸರಿ ಎಂದು, ಕುಸ್ತಿ ಕಣದಲ್ಲಿ ಗೆದ್ದ ಪೈಲ್ವಾನರ ಕೊರಳಿಗೆ ಹಾರ ಬೀಳುವುದನ್ನು ಕಂಡ ನಾವು ಬಲ್ಲೆವು. ಅದೇ ಸಂಜೆ ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎಂಬ ಮತ್ತಾಯ 10:42ನ್ನು ಓದಿದಾಗ, ಪ್ರತಿ ಭಾನುವಾರ ಚರ್ಚಿನ ಹರವಿಗೆ ನೀರು ತುಂಬಿಸುತ್ತಿದ್ದ ನನ್ನ ಅವ್ವ ನೆನಪಾದಳು.

ಕೊನೆಯ ವಾರ ಮಾತ್ರ ನಿರಾಶೆ ತಂದಿತು. ವಿಶ್ವಾಸಿಗಳ ನ್ಯಾಯಾಸನ ಬೇರೆ, ಸತ್ತವರಿಗೆ ತೀರ್ಪಾಗುವ ಪ್ರಕಟನೆ 20ರ ಬಿಳಿಯ ಸಿಂಹಾಸನ ಬೇರೆ ಎಂಬುದೇ ಎಲ್ಲ ಕ್ರೈಸ್ತರ ನಂಬಿಕೆ ಎನ್ನುವಂತೆ ಬೋಧಕರು ಹೇಳಿದರು. ಕಥೋಲಿಕರು ಮರಣದೊಡನೆ ನಡೆಯುವ ವ್ಯಕ್ತಿಗತ ತೀರ್ಪನ್ನೂ ಲೋಕಾಂತ್ಯದ ಸಾರ್ವತ್ರಿಕ ತೀರ್ಪನ್ನೂ ನಂಬುತ್ತಾರೆ. ಪ್ರೊಟೆಸ್ಟಂಟರಲ್ಲೂ ಒಂದೇ ಅಂತಿಮ ತೀರ್ಪು ಎನ್ನುವವರು ಬಹಳ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯವರು, ಕಥೋಲಿಕರು, ಪೆಂತೆಕೊಸ್ತರು ಒಂದೇ ಬೆಂಚಿನಲ್ಲಿ ಕೂತಿದ್ದ ತರಗತಿಯಲ್ಲಿ ಈ ಭೇದವನ್ನು ಹೇಳಲೇಬೇಕಿತ್ತು.

ಯೇಸು ಹೇಳಿದ ಸಾಮ್ಯದಲ್ಲಿ ಬೆಳಿಗ್ಗೆ ಬಂದ ಆಳಿಗೂ ಸಂಜೆ ಬಂದ ಆಳಿಗೂ ಒಂದೇ ಕೂಲಿ ಕೊಟ್ಟ ದ್ರಾಕ್ಷಿತೋಟದ ಯಜಮಾನನನ್ನು ಈ ಪ್ರತಿಫಲದ ಬೋಧನೆಯೊಂದಿಗೆ ಹೇಗೆ ಹೊಂದಿಸುವುದೆಂದು ಹಿರಿಯ ತಾಯಿಯೊಬ್ಬರು ಕೇಳಿದರು. ಸಮಯ ಮುಗಿದಿತ್ತು. ತರಗತಿಯನ್ನು ಮತ್ತೆ ನಡೆಸುವುದಾದರೆ ಆ ಪ್ರಶ್ನೆಗೆ ಐದನೆಯ ಶನಿವಾರವೊಂದನ್ನು ಮೀಸಲಿಡಲಿ; ನಾನು ಖಂಡಿತ ಬರುತ್ತೇನೆ.