ಇಲ್ಮ್ಯಾಟಿಕ್ ಅಥವಾ ರೆಡಿ ಟು ಡೈ: ಮೊದಲು ಯಾವುದು ಕೇಳಬೇಕು?

ತೊಂಬತ್ತರ ದಶಕದ ಅತ್ಯುತ್ತಮ ಹಿಪ್‌ಹಾಪ್ ಆಲ್ಬಂ ಯಾವುದು? ನನ್ನ ಲೆಕ್ಕದಲ್ಲಿ ಕೊನೆಗೆ ಉಳಿಯುವುದು ಎರಡೇ: ರ‍್ಯಾಪರ್ ನ್ಯಾಸ್‌ನ ಇಲ್ಮ್ಯಾಟಿಕ್, ರ‍್ಯಾಪರ್ ಬಿಗ್ಗಿಯ (ದ ನಟೋರಿಯಸ್ ಬಿ.ಐ.ಜಿ.) ರೆಡಿ ಟು ಡೈ. ಎರಡೂ 1994ರವು, ಎರಡೂ ನ್ಯೂಯಾರ್ಕಿನವು, ಇಬ್ಬರಿಗೂ ಅದೇ ಮೊದಲ ಆಲ್ಬಂ.

ಇಲ್ಮ್ಯಾಟಿಕ್ ಬಂದಾಗ ನ್ಯಾಸ್‌ಗೆ ಬರೀ 20 ವರ್ಷ. ಹತ್ತು ಟ್ರ್ಯಾಕ್, ಸುಮಾರು 40 ನಿಮಿಷ, ಅಷ್ಟೇ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್ ಥರದವರು ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಮಾಡಿಕೊಟ್ಟರು. ಒಂದು ಹಾಡಿನ ಕೊನೆಯಲ್ಲಿ ನ್ಯಾಸ್‌ನ ಅಪ್ಪ ಓಲು ಡಾರಾ ಕಾರ್ನೆಟ್ (ತುತ್ತೂರಿ ಥರದ ವಾದ್ಯ) ಊದುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 'ಒನ್ ಲವ್' ಹಾಡಂತೂ ಜೈಲಲ್ಲಿರುವ ಗೆಳೆಯರಿಗೆ ಬರೆದ ಕಾಗದ. ತಾನು ಬೆಳೆದ ಬಡಾವಣೆ ಕ್ವೀನ್ಸ್‌ಬ್ರಿಜ್‌ನ ಬೀದಿಯನ್ನು ಕಿಟಕಿಯಿಂದ ನೋಡಿದ ಹಾಗೆ ಹೇಳುತ್ತಾನೆ, ಎಲ್ಲೂ ಉಪದೇಶ ಇಲ್ಲ.

ರೆಡಿ ಟು ಡೈ ಉದ್ದ ಜಾಸ್ತಿ, ಒಂದು ಗಂಟೆ ದಾಟುತ್ತದೆ. ಬ್ರೂಕ್ಲಿನ್‌ನ ಬಿಗ್ಗಿ ಹುಟ್ಟಿನಿಂದ ಶುರು ಮಾಡಿ ಸಾವಿನಲ್ಲಿ ಮುಗಿಸುತ್ತಾನೆ. ನಡುವೆ 'ಜ್ಯೂಸಿ'ಯಲ್ಲಿ ಬಡತನ ದಾಟಿದ ಖುಷಿಯೂ ಇದೆ. ಭಾಷೆ ತುಂಬಾ ಒರಟು, ಮನೆಯವರ ಮುಂದೆ ಹಾಕಬೇಡಿ. ಅವನು ಬದುಕಿದ್ದಾಗ ಹೊರಬಂದ ಸ್ಟುಡಿಯೋ ಆಲ್ಬಂ ಇದೊಂದೇ. 1997ರಲ್ಲಿ ಗುಂಡೇಟಿಗೆ ಬಲಿಯಾದ.

ಹಿಪ್‌ಹಾಪ್ ಹೊಸದಾ? ಬಿಗ್ಗಿಯಿಂದ ಶುರು ಮಾಡಿ. ಅವನ ಉಚ್ಚಾರ ಸ್ಪಷ್ಟ, ಕಥೆ ಕೈಹಿಡಿದು ಕರೆದೊಯ್ಯುತ್ತದೆ. ಸಾಲುಗಳನ್ನು ಮತ್ತೆ ಮತ್ತೆ ಬಿಡಿಸಿ ಸವಿಯುವ ಆಸೆ ಇದ್ದರೆ ನ್ಯಾಸ್. ದಶಕಕ್ಕೆ ಒಂದೇ ಅಂದರೆ ನನ್ನ ವೋಟು ಇಲ್ಮ್ಯಾಟಿಕ್‌ಗೆ. ಅದರಲ್ಲಿ ಬಿಟ್ಟು ಮುಂದೆ ಹೋಗುವ ಹಾಡೇ ಇಲ್ಲ.