ಗಾಯದ ನಂತರದ ನರನೋವು: ಅಮಿಟ್ರಿಪ್ಟಿಲಿನ್ ಅಥವಾ ಪ್ರೆಗಾಬಲಿನ್?

ಗಾಯ ಮಾಗಿ ತಿಂಗಳುಗಳಾದರೂ ಉರಿ, ಜುಮುಜುಮು, ಹೊದಿಕೆ ತಾಗಿದರೂ ಚುಳುಕ್ಕೆನ್ನುವ ಯಾತನೆ ಉಳಿದಿದ್ದರೆ ಅದು ನರದ ನೋವಾಗಿರಬಹುದು. ಪ್ಯಾರಾಸಿಟಮಾಲ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಆಗ ವೈದ್ಯರು ಸೂಚಿಸುವ ಔಷಧಗಳಲ್ಲಿ ಈ ಎರಡು ಮುಖ್ಯ.

ಅಮಿಟ್ರಿಪ್ಟಿಲಿನ್ ಮೂಲತಃ ಖಿನ್ನತೆಯ ಔಷಧ (ಚೀಟಿಯಲ್ಲಿ ಅದನ್ನು ಕಂಡು ಮನೆಯವರು ಗಾಬರಿಯಾಗಬೇಕಿಲ್ಲ). ನೋವಿಗೆ ಅದನ್ನು ಸಾಮಾನ್ಯವಾಗಿ 10 ಮಿಲಿಗ್ರಾಂನಿಂದ, ರಾತ್ರಿ ಹೊತ್ತು ಆರಂಭಿಸುತ್ತಾರೆ. ನಿದ್ದೆಗೆಟ್ಟವರಿಗೆ ಅದರ ಮಂಪರೇ ಅನುಕೂಲವಾಗುತ್ತದೆ. ಆದರೆ ಬಾಯಿ ಒಣಗುವುದು, ಮಲಬದ್ಧತೆ ಕಾಡುವುದು ಸಾಮಾನ್ಯ. ಹೃದಯಬಡಿತದ ತೊಂದರೆ, ಗ್ಲಾಕೋಮಾ (ಕಣ್ಣಿನ ನರವನ್ನು ಕೆಡಿಸುವ, ಹೆಚ್ಚಾಗಿ ಕಣ್ಣಿನೊತ್ತಡದಿಂದಾಗುವ ಕಾಯಿಲೆ) ಇರುವವರಿಗೆ, ಅಥವಾ ಪ್ರಾಸ್ಟೇಟ್ ದಪ್ಪವಾಗಿ ಮೂತ್ರ ಕಟ್ಟುವ ಹಿರಿಯರಿಗೆ ಅದು ಸಾಮಾನ್ಯವಾಗಿ ತಕ್ಕುದಲ್ಲ.

ಪ್ರೆಗಾಬಲಿನ್‌ ಅನ್ನು ಹೆಚ್ಚಾಗಿ ದಿನಕ್ಕೆರಡು ಬಾರಿ ಕೊಡುತ್ತಾರೆ. ಬಾಯಿ, ಹೊಟ್ಟೆಯ ಕಾಟ ಕಡಿಮೆಯಾದರೂ ತಲೆಸುತ್ತು, ಕಾಲೂತ, ತೂಕದ ಏರಿಕೆ ಉಂಟು. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣವನ್ನು ಇಳಿಸಲೇಬೇಕು.

ವಾಹನ ಓಡಿಸುವುದೇ ಉದ್ಯೋಗವಾದವರಿಗೆ ಆರಂಭದಲ್ಲಿ ಎರಡೂ ಅಪಾಯಕಾರಿ. ಹೃದಯ ಸರಿಯಿದ್ದು ರಾತ್ರಿ ನೋವು ಹೆಚ್ಚಾಗುವವರು ಮೊದಲನೆಯದನ್ನೇ ವೈದ್ಯರೊಡನೆ ಮೊದಲು ಚರ್ಚಿಸುವುದು ಲೇಸೆಂದು ನನ್ನ ಅಭಿಪ್ರಾಯ. ಯಾವುದನ್ನೇ ಆರಿಸಿದರೂ ಕೆಲವು ವಾರ ಕಾಯದೆ ಫಲ ತಿಳಿಯದು, ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಲೂಬಾರದು.